ಪೈಲಟನ ಹಣೆಗೆ ಕುಂಕುಮ

ಮನುಷ್ಯನ ಅಂಗಾಂಗಗಳಲ್ಲಿ ಹೆಚ್ಚು ಮಾನ ಕಳೆಯುವುದು ನಾಲಿಗೆ ಎಂದು ಎಲ್ಲರೂ ಅದನ್ನೇ ದೂರುತ್ತಾರೆ. ನನ್ನ ವಿಷಯದಲ್ಲಿ ನಾಲಿಗೆ ಶುರುಮಾಡಿದ್ದನ್ನು ಪೂರೈಸಿದ್ದು ಬಲಗೈಯ ಉಂಗುರದ ಬೆರಳು. ಅದಕ್ಕೊಂದು ಚಟವಿದೆ. ಎದುರಿಗೆ ಕುಂಕುಮದ ಬಟ್ಟಲಿದ್ದು, ಆಸುಪಾಸಿನಲ್ಲಿ ಹಣೆ ಎಂಬುದೊಂದು ಕಂಡರೆ ಅದು ಸುಮ್ಮನಿರುವುದಿಲ್ಲ. ದೇವರ ಪಟಕ್ಕೆ, ಅಜ್ಜಿಯ ಫೋಟೋಗೆ ಇಡುವುದಿರಲಿ, ಒಮ್ಮೆ ಕ್ಯಾಲೆಂಡರಿನಲ್ಲಿ ಹಲ್ಲು ಬಿಡುತ್ತಿದ್ದ ಇನ್ಶೂರೆನ್ಸ್ ಏಜೆಂಟನ ಹಣೆಗೂ ಬೊಟ್ಟಿಟ್ಟಿತ್ತು. ಆಗೆಲ್ಲ ಮನೆಯವರು ನಕ್ಕು ಸುಮ್ಮನಾಗಿದ್ದರು. ಕಳೆದ ವರ್ಷದ ಆಯುಧಪೂಜೆಯ ದಿನ ಮಾತ್ರ ಯಾರೂ ನಗಲಿಲ್ಲ. ನೆನೆಸಿಕೊಂಡರೆ ಮುಖ ಎಲ್ಲಿಟ್ಟುಕೊಳ್ಳಬೇಕೋ ಈಗಲೂ ತಿಳಿಯುವುದಿಲ್ಲ.

ನಾವಿರುವುದು ಕಡಲಾಚೆಯ ಮಿಲ್ಪಿಟಾಸ್ ಎಂಬ ಊರಿನ ಒಂದು ಟೌನ್‌ಹೌಸಿನಲ್ಲಿ. ಗೋಡೆಯಾಚೆ ಹ್ಯಾಂಕ್ ಎಂಬ ಎಪ್ಪತ್ತು ದಾಟಿದ ಒಂಟಿ ಮನುಷ್ಯರೊಬ್ಬರಿದ್ದಾರೆ. ವಿಮಾನದ ಎಂಜಿನ್ನು ರಿಪೇರಿ ಮಾಡಿ ರಿಟೈರಾದವರು. ಪ್ರತಿವರ್ಷ ನಮ್ಮ ಕಾರಿನ ಚಕ್ರದಡಿ ನಿಂಬೆಹಣ್ಣು ಅಪ್ಪಚ್ಚಿಯಾಗುವುದನ್ನು ನೋಡಿ ನೋಡಿ, ಕಳೆದ ವರ್ಷ ಹಬ್ಬದ ಮುಂಚೆ ಅದರ ಕಾರಣ ಕೇಳಿಯೇಬಿಟ್ಟರು. ಒಳ್ಳೆಯದಾಗಲಿ ಅಂತ ಹಾಗೆ ಮಾಡುತ್ತೇವೆ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಮೈಸೂರಿನವನು ನಾನು. ದಸರೆಯ ಮಾತು ಬಂದರೆ ಅರಮನೆಯ ಪಟ್ಟದ ಕತ್ತಿ ನಮ್ಮ ಮನೆಯ ಅಟ್ಟದಲ್ಲೇ ಇತ್ತು ಅನ್ನುವ ಹಾಗೆ ಮಾತಾಡುತ್ತೇನೆ. ನಾವು ತಲೆತಲಾಂತರದಿಂದ ಆಯುಧಗಳನ್ನು ಪೂಜಿಸುತ್ತ ಬಂದ ಜನ ಎಂದು ಕೊಚ್ಚಿಕೊಂಡೆ. ನಾನು ಜೀವಮಾನದಲ್ಲಿ ಪ್ರಯೋಗಿಸಿದ ಏಕೈಕ ಆಯುಧ ಈಳಿಗೆಮಣೆ, ಅದೂ ನನ್ನದೇ ಹೆಬ್ಬೆರಳಿನ ಮೇಲೆ ಎಂಬುದನ್ನು ಹೇಳಲಿಲ್ಲ. ಹ್ಯಾಂಕ್ ತುಸು ಯೋಚಿಸಿ, ತಮ್ಮ ಹತ್ತಿರ ಒಂದು ಪಿಸ್ತೂಲಿದೆ, ಪೂಜೆಗೆ ತರಬಹುದೇ ಎಂದರು. ನಾನು ಹಲ್ಲು ಕಿರಿದು, ಧಾರಾಳವಾಗಿ ತನ್ನಿ ಎಂದೆ. ಅಷ್ಟೆಲ್ಲ ಕೊಚ್ಚಿಕೊಂಡ ಮೇಲೆ ಬೇಡ ಅನ್ನುವುದು ಹೇಗೆ?

ಹಬ್ಬದ ದಿನ ಹ್ಯಾಂಕ್ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಮರದ ಪೆಟ್ಟಿಗೆ ಹಿಡಿದು ಬಂದರು. ಕೈಗೆ ಬಿಳಿ ಹತ್ತಿಯ ಗ್ಲವ್ಸು ಹಾಕಿಕೊಂಡು ಪಿಸ್ತೂಲನ್ನು ಮಖಮಲ್ಲಿನಿಂದ ಎತ್ತಿ, ಒಳಗೆ ಗುಂಡಿಲ್ಲವೆಂದು ಎಲ್ಲರಿಗೂ ತೋರಿಸಿದರು. ಸೈನ್ಯದಲ್ಲಿ ಮೊಟ್ಟಮೊದಲು ವಿಮಾನ ಹಾರಿಸಿದವರ ನೆನಪಿಗೆಂದೇ ಮಾಡಿದ್ದಂತೆ. ಮೈತುಂಬ ಚಿನ್ನದ ಬಳ್ಳಿ, ಬಳ್ಳಿಗಳ ನಡುವೆ ಜೋಡಿ ರೆಕ್ಕೆಯ ಪುಟ್ಟ ವಿಮಾನಗಳು. ದಂತದ ಬಣ್ಣದ ಹಿಡಿಯ ಮೇಲೆ ಕೂದಲೆಳೆಯಂಥ ಗೆರೆಗಳಲ್ಲಿ, ಚರ್ಮದ ಟೋಪಿಯನ್ನು ಹಿಂದಕ್ಕೆ ಸರಿಸಿಕೊಂಡ ಒಬ್ಬ ಪೈಲಟನ ಮುಖ ಕೊರೆದಿದ್ದರು. ಹ್ಯಾಂಕ್ ಅವರ ಅಜ್ಜ ಅಂಥದೇ ಬಟ್ಟೆ ಕಟ್ಟಿಗೆಯ ವಿಮಾನ ಹಾರಿಸಿದವರು. ಅವರ ಫೋಟೋ ಒಂದೂ ಉಳಿದಿಲ್ಲ. ಹಿಡಿಯ ಮೇಲಿರುವವನ ಮೂಗು ಥೇಟ್ ಅಜ್ಜನದೇ ಎಂದು ಹ್ಯಾಂಕ್ ಅವರ ತಂದೆ ಹೇಳುತ್ತಿದ್ದರಂತೆ. ಹಾಗಾಗಿ ಅವರ ಮನೆಯಲ್ಲಿ ಆ ಮುಖಕ್ಕೇ ಅಜ್ಜ ಅನ್ನುವುದು ರೂಢಿ. ಇಷ್ಟನ್ನೂ ನಾನು ತಲೆಯಾಡಿಸುತ್ತ ಕೇಳಿದ್ದೆ.

ಮಣೆಯ ಮೇಲೆ ಲ್ಯಾಪ್‌ಟಾಪು, ಕಾರಿನ ಕೀಲಿ, ಮಿಕ್ಸಿ, ಅವುಗಳ ಪಕ್ಕದಲ್ಲಿ ಪಿಸ್ತೂಲು. ಸಾಲಾಗಿ ಅರಿಶಿನ ಕುಂಕುಮ ಹಚ್ಚುತ್ತ ಬಂದೆ. ಮಿಕ್ಸಿ ಮುಗಿಯಿತು. ಮುಂದೆ ಹಣೆ ಕಾಣಿಸಿತು. ಹೈಸ್ಕೂಲು ಓದುವ ನನ್ನ ಮಗಳು ಅನನ್ಯ, "ಅಪ್ಪಾ, ವೇಯ್ಟ್, ಹಿ ವೋರ್ ಗ್ಲವ್ಸ್ ಟು ಟಚ್ ಇಟ್," ಅನ್ನುವಷ್ಟರಲ್ಲಿ ಕಲಸಿದ ಅರಿಶಿನವೂ ಅದರ ಮೇಲೆ ಕುಂಕುಮವೂ ಪೈಲಟನ ಹಣೆ ಸೇರಿದ್ದವು. ಗಾಬರಿಯಲ್ಲಿ ಒದ್ದೆ ಟಿಶ್ಯೂ ತೆಗೆದು ಉಜ್ಜಿದೆ. ಅರಿಶಿನ ಗೆರೆಗೆರೆಗೂ ಇಳಿದು ಅಜ್ಜನಿಗೆ ಕಾಮಾಲೆ ಬಂದಂತಾಯಿತು. ಇನ್ನೊಂದು ಟಿಶ್ಯೂ ಎಳೆಯುವಾಗ ಹ್ಯಾಂಕ್ ಮೆಲ್ಲಗೆ ನನ್ನ ಮಣಿಕಟ್ಟು ಹಿಡಿದುಕೊಂಡು, ಇಟ್ಸ್ ಓಕೆ ಎಂದರು. ದನಿ ಓಕೆಯಾಗಿರಲಿಲ್ಲ. ಕೋಸಂಬರಿ ತಿಂದರು, ಪಾಯಸ ಕುಡಿದರು, ಥ್ಯಾಂಕ್ಸ್ ಹೇಳಿ ಪೆಟ್ಟಿಗೆ ಮುಚ್ಚಿಕೊಂಡು ಹೋದರು. ನಾಲ್ಕು ಮಾತು ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಆಮೇಲೆ ನಾನು ಕಳ್ಳನ ಹಾಗೆ ಬದುಕಿದೆ. ಗ್ಯಾರೇಜಿನ ಬಾಗಿಲನ್ನು ಮೊಣಕಾಲೆತ್ತರಕ್ಕೆ ಎತ್ತಿ, ಆಚೆ ಹ್ಯಾಂಕ್ ಅವರ ಕಾಲು ಕಾಣುವುದಿಲ್ಲ ಎಂದು ಖಾತ್ರಿಯಾದ ಮೇಲೆಯೇ ಕಸದ ಡಬ್ಬಿ ಹೊರಗಿಡುತ್ತಿದ್ದೆ. ಒಂದು ಫೋಟೋ ಕೂಡ ಇಲ್ಲದ ಅಜ್ಜನನ್ನು ಹಾಳುಮಾಡಿದೆನಲ್ಲ ಎಂದು ಆಫೀಸಿನ ಮೀಟಿಂಗಿನ ನಡುವೆ ನಾಚಿಕೆಯಿಂದ ಮೈ ಹಿಡಿಯಾಗುತ್ತಿತ್ತು. ಕ್ಷಮೆ ಕೇಳಲು ಸರಿಯಾದ ಮಾತು ಹುಡುಕುತ್ತಿದ್ದೇನೆ ಎಂದು ಹೆಂಡತಿ ಸುಧಾಗೆ ಹೇಳಿದೆ.

"ಮಾತು ಹುಡುಕ್ತಾ ಕೂತ್ರೆ ಕಲೆ ಹೋಗುತ್ತೇನ್ರೀ? ಏಳಿ, ನಾನೂ ಬರ್ತೀನಿ," ಎಂದು ಅವಳೇ ಎಬ್ಬಿಸಿಕೊಂಡು ಹೋದಳು.

ಹ್ಯಾಂಕ್ ಬಾಗಿಲು ತೆರೆದ ಕೂಡಲೇ ನಾನು ಸಾರಿ ಎಂದೆ. ಸುಧಾ, ಸಾಂಬಾರಿನ ಡಬ್ಬಿಗೆ ಹಿಡಿದ ಅರಿಶಿನವನ್ನು ತಾನು ಬಿಸಿಲಿಗಿಟ್ಟು ಬಿಡಿಸುವ ಕ್ರಮವನ್ನು ವಿವರಿಸಿದಳು. ಪಿಸ್ತೂಲನ್ನು ಹಿತ್ತಿಲ ಪ್ಯಾಟಿಯೋದಲ್ಲಿ ಒಣಗಹಾಕಿದರೆ ಪೊಲೀಸರು ಬರುತ್ತಾರೆ ಎಂದು ನಾನು ಬಾಯಿಹಾಕಿದೆ. ಇಬ್ಬರೂ ನನ್ನ ಕಡೆ ತಿರುಗಲಿಲ್ಲ. ಹ್ಯಾಂಕ್ ಸ್ಕ್ರೂಡ್ರೈವರ್ ತಂದು ಹಿಡಿಯನ್ನಷ್ಟೇ ಬಿಚ್ಚಿ ಅಡುಗೆಮನೆಯ ಕಿಟಕಿಯಲ್ಲಿಟ್ಟರು.

ದಿನ ಕಳೆದಂತೆ ಅಜ್ಜನ ಕಾಮಾಲೆ ಇಳಿಯಿತು. ಕುಂಕುಮ ಮಾತ್ರ ಪೂರ್ತಿ ಹೋಗಲಿಲ್ಲ. ಹಣೆಯಲ್ಲಿ ಸಾಸಿವೆಯಷ್ಟು ಕೆಂಪು ನಿಂತುಬಿಟ್ಟಿದೆ. ಪಿಸ್ತೂಲು ನೋಡಲು ಬಂದ ಯಾರೋ, ನಿಮ್ಮ ಅಜ್ಜ ಇಂಡಿಯಾದವರೇ ಎಂದು ಕೇಳಿದರಂತೆ. ಅಲ್ಲ, ಇಂಡಿಯಾದವರು ಪಕ್ಕದ ಮನೆಯವರು ಎಂದರಂತೆ ಹ್ಯಾಂಕ್. ಅದನ್ನು ನಗುತ್ತಲೇ ನನಗೆ ಹೇಳಿದರು. ನಾನೂ ನಕ್ಕೆ, ಕಿವಿ ಬಿಸಿಯಾಗಿತ್ತು.

ಈ ವರ್ಷವೂ ಹಬ್ಬಕ್ಕೆ ಕರೆದೆ. ಬರಲಾರರು ಅಂದುಕೊಂಡಿದ್ದೆ, ಬಂದರು. ಪೆಟ್ಟಿಗೆಯಿರಲಿಲ್ಲ, ಕೈಯಲ್ಲಿ ಒಂದು ಹಳೆಯ ಸ್ಪ್ಯಾನರಿತ್ತು. ಅದಕ್ಕೆ ತುಕ್ಕು ಹಿಡಿದು, ಇನ್ನು ಹಾಳಾಗಲು ಏನೂ ಉಳಿದಿರಲಿಲ್ಲ. ನನ್ನನ್ನು ಕ್ಷಮಿಸಿದ್ದಾರೆ ಎಂದು ಮನಸ್ಸು ತುಂಬಿಬಂದು, ಎರಡೂ ಕೈ ಚಾಚಿ ಮುಂದೆ ಹೋದೆ. ಹ್ಯಾಂಕ್ ಪ್ರೀತಿಯಿಂದಲೇ ನನ್ನ ಬೆನ್ನು ತಟ್ಟಿ, ನನ್ನನ್ನು ದಾಟಿ ಹೋಗಿ, ಸ್ಪ್ಯಾನರನ್ನು ಸುಧಾಳ ಕೈಗೆ ಕೊಟ್ಟರು. ಅಷ್ಟರಲ್ಲಿ ಅವಳು ಕುಂಕುಮದ ಬಟ್ಟಲನ್ನೂ ತನ್ನ ಕಡೆಗೆ ಎಳೆದುಕೊಂಡಾಗಿತ್ತು. ನನ್ನ ಪಾಲಿಗೆ ಗಂಟೆ ಅಲ್ಲಾಡಿಸುವ ಕೆಲಸ ಬಂತು.