ಏಳನೆಯ ಪೆಟ್ಟಿಗೆಯ ಜನ

೨೦೦೯ ಮಾರ್ಚ್ ೧೪, ಶನಿವಾರ, ಬೆಳಿಗ್ಗೆ ಹತ್ತು ಗಂಟೆ ಐದು ನಿಮಿಷಕ್ಕೆ ಇದನ್ನು ಬರೆಯಲು ಕೂತಿದ್ದೇನೆ. ಸಿಟ್ಟು ಬಂದದ್ದು ಮಾತ್ರ ಮೊನ್ನೆ ಗುರುವಾರ ಸಂಜೆ. ನಡುವೆ ಒಂದು ದಿನ ಬಿಟ್ಟದ್ದು ಅದು ಇಳಿಯಲಿ ಎಂದು. ಇಳಿಯಲಿಲ್ಲ. ಇನ್ನು ಬರೆಯದೆ ವಿಧಿಯಿಲ್ಲ.

ನೆಲ ಅಗೆದು ಹಳೆಯ ಕಾಲದ ಜನ ಹೇಗಿದ್ದರು ಎಂದು ಹೇಳುವ ಪಂಡಿತರ ಮೇಲೆ ನನಗೆ ಚಿಕ್ಕಂದಿನಿಂದ ಅಪಾರ ಗೌರವವಿತ್ತು. ಒಂದು ಹಲ್ಲು ಸಿಕ್ಕರೆ ಅದರ ಯಜಮಾನ ಏನು ತಿನ್ನುತ್ತಿದ್ದ ಎನ್ನುತ್ತಾರೆ. ಮಡಕೆಯ ಚೂರು ಸಿಕ್ಕರೆ ಅದರಲ್ಲಿ ಕುದಿದದ್ದು ಗಂಜಿಯೋ ಮಾಂಸವೋ ಎಂದು ಹೇಳುತ್ತಾರೆ. ಏನೆಂದೇ ತಿಳಿಯದ ವಸ್ತು ಸಿಕ್ಕರೆ ‘ಇದು ಪೂಜೆಗೆ ಬಳಸುತ್ತಿದ್ದದ್ದು’ ಎಂದು ಹೇಳಿ ಕೈತೊಳೆದುಕೊಳ್ಳುತ್ತಾರೆ. ಇವೆಲ್ಲವನ್ನೂ ನಾನು ನಂಬಿದ್ದೆ. ಇವರ ಧೈರ್ಯದ ಮೂಲ ಯಾವುದೆಂದು ಈಗ ಗೊತ್ತಾಗಿದೆ. ಸತ್ತವರು ಎದ್ದು ಬಂದು, “ಅಯ್ಯೋ, ಪೂಜೇದಲ್ಲ ಕಣ್ರೀ ಅದು, ನಮ್ಮ ಮಗು ಆಡ್ತಿದ್ದ ಗಿಲಕಿ” ಎಂದು ಜಗಳ ತೆಗೆಯುವುದಿಲ್ಲ. ಐದು ಸಾವಿರ ವರ್ಷಗಳಿಂದ ಬಾಯಿಲ್ಲದೆ ಮಲಗಿರುವ ಆ ಎಲ್ಲ ಜನರ ಪರವಾಗಿ ನಾನು ಮಾತಾಡುತ್ತಿದ್ದೇನೆ. ಏಕೆಂದರೆ ನನ್ನನ್ನೂ ಅಗೆದು ನೋಡಿ ತೀರ್ಮಾನ ಕೊಟ್ಟಿದ್ದಾರೆ, ಮತ್ತು ನಾನಿನ್ನೂ ಬದುಕಿದ್ದೇನೆ.

ನಾನಿರುವುದು ಅಮೆರಿಕದಲ್ಲಿ, ಚಿಕಾಗೋ ಹತ್ತಿರದ ಪ್ಲೇನ್‌ಫೀಲ್ಡಿನಲ್ಲಿ, ಅಕ್ಕನ ಮನೆಯ ಬೇಸ್‌ಮೆಂಟಿನಲ್ಲಿ. ಡಿಸೆಂಬರಿನಲ್ಲಿ ಸಂಖ್ಯಾಶಾಸ್ತ್ರದ ಮಾಸ್ಟರ್ಸ್ ಮುಗಿಯಿತು. ಅದೇ ಡಿಸೆಂಬರಿನಲ್ಲಿ, ಬ್ಯಾಂಕುಗಳೆಲ್ಲ ಮುಳುಗಿ, ಈ ದೇಶದವರಿಗೆ ಸಂಖ್ಯೆಗಳ ಮೇಲೆ ನಂಬಿಕೆ ಹೋಗಿತ್ತು. ಹೀಗಾಗಿ ಅಕ್ಕ ಸುಮ, ಭಾವ ರಘು, ಅವರ ಮಗಳು ಅನಘಾ ಮತ್ತು ನಾನು, ಒಟ್ಟು ನಾಲ್ಕು ಜನ. ಈ ಸಂಖ್ಯೆಯನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ನಾಲ್ಕು *ಜನ*.

ಅನಘಾ ಆರನೆಯ ಕ್ಲಾಸು. ಆದಿಮಾನವ ಮುಗಿದು ಪ್ರಾಚೀನ ನಾಗರಿಕತೆಗಳು ಶುರುವಾದಾಗ ಅವಳ ಟೀಚರಿಗೆ ಒಂದು ಯೋಚನೆ ಹೊಳೆಯಿತು. ಪ್ರತಿ ಮಗುವೂ ತನ್ನ ಮನೆಯ ಒಣ ಕಸವನ್ನು ಮೂರು ವಾರ, ವಾರಕ್ಕೊಂದು ಚೀಲದಂತೆ ಕೂಡಿಡಬೇಕು. ಶಾಲೆಯಲ್ಲಿ ಅದನ್ನು ಒಂದು ದೊಡ್ಡ ಪ್ಲಾಸ್ಟಿಕ್ ಪೆಟ್ಟಿಗೆಗೆ ಪದರಪದರವಾಗಿ ಹಾಕಿ ನಡುವೆ ಮಣ್ಣು ಹರಡುತ್ತಾರೆ. ಮೊದಲ ವಾರದ್ದು ತಳದಲ್ಲಿ, ಕೊನೆಯ ವಾರದ್ದು ಮೇಲೆ. ಪೆಟ್ಟಿಗೆಗೆ ಹೆಸರಿಲ್ಲ, ನಂಬರ್ ಮಾತ್ರ. ಬೇರೆ ಮಕ್ಕಳು ಚಮಚ, ಬ್ರಷ್ಷು ಹಿಡಿದು ಅದನ್ನು ಅಗೆದು, ಅಲ್ಲಿ ಎಂಥ ಜನ ವಾಸವಾಗಿದ್ದರು ಎಂದು ಕಂಡುಹಿಡಿಯಬೇಕು. ನಮಗೆ ಬಂದದ್ದು ಏಳನೆಯ ನಂಬರ್.

“ನಮ್ಮನೆ ಕಸಾನ ಊರವರ ಮಕ್ಕಳ ಕೈಲಿ ಕೆದಕಿಸೋದಾ? ಇದೆಂಥ ವಿದ್ಯೆ?” ಎಂದಳು ಅಕ್ಕ.

“ಚಿಕ್ಕಿ ವಿಲ್ ಡೂ ಇಟ್. ಶೀ ಲವ್ಸ್ ದಿಸ್ ಸ್ಟಫ್,” ಎಂದಳು ಅನಘಾ.

ನನಗೆ ಇಷ್ಟವೇ ಆಗಿತ್ತು, ಸುಳ್ಳೇಕೆ? ಫೆಬ್ರವರಿ ೯ರ ಸೋಮವಾರ ಮೊದಲ ಚೀಲಕ್ಕೆ ತಾರೀಕು ಬರೆದ ಚೀಟಿ ಅಂಟಿಸಿದೆ. ಆದರೆ ನಮ್ಮ ಮನೆಯಲ್ಲಿ ಕಸ ಎನ್ನುವುದು ಹುಟ್ಟುವುದೇ ಕಷ್ಟ ಎಂಬ ಸತ್ಯ ಆ ವಾರ ನನಗೆ ಮೊದಲ ಸಲ ತಿಳಿಯಿತು. ಮೊಸರಿನ ಡಬ್ಬ ಖಾಲಿಯಾಯಿತೆಂದು ಚೀಲಕ್ಕೆ ಹಾಕಿದರೆ ಸಂಜೆಗೆ ಅದು ಹುಳಿಪುಡಿ ತುಂಬಿಕೊಂಡು ಶೆಲ್ಫಿನ ಮೇಲಿರುತ್ತಿತ್ತು. “ಮೊಸರಿನ ಡಬ್ಬ ಕಸ ಅಲ್ಲ ಕಣೇ, ಪಾತ್ರೆ,” ಎಂದಳು ಅಕ್ಕ. ಜಿಪ್ ಹಾಕುವ ಪ್ಲಾಸ್ಟಿಕ್ ಚೀಲಗಳು ತೊಳೆದು ನಲ್ಲಿಯ ಮೇಲೆ ತಲೆಕೆಳಗಾಗಿ ಒಣಗುತ್ತಿದ್ದವು. ಉಪ್ಪಿನಕಾಯಿ ಬಾಟಲಿಗೆ ಪುನರ್ಜನ್ಮ ಇದ್ದೇ ಇದೆ. ಕೊನೆಗೆ ಒಲ್ಲದ ಮನಸ್ಸಿನಿಂದ ಅವಳು ಕೊಟ್ಟದ್ದು ಸವೆದುಹೋದ ಒಂದು ಕುಕ್ಕರ್ ಗ್ಯಾಸ್ಕೆಟ್. ಅದನ್ನೂ ಸೋಪು ಹಾಕಿ ತೊಳೆದು ಕೊಟ್ಟಳು. ಅಷ್ಟೇ ಅಲ್ಲ, ನಾನು ಸ್ನಾನಕ್ಕೆ ಹೋದಾಗ ಇಡೀ ಚೀಲವನ್ನು ಸಿಂಕಿಗೆ ಸುರಿದು, ಚಿಪ್ಸ್ ಪೊಟ್ಟಣಗಳನ್ನೆಲ್ಲ ತೊಳೆದು ಒರೆಸಿ ಮಡಿಸಿಟ್ಟಿದ್ದಳು. “ಜಿಡ್ಡು ಜಿಡ್ಡು ಕಳಿಸಿದ್ರೆ ನಮ್ಮ ಬಗ್ಗೆ ಏನಂದ್ಕೋತಾರೆ?” ಪ್ರಪಂಚದ ಇತಿಹಾಸದಲ್ಲಿ ತನ್ನ ಕಸಕ್ಕೆ ಸ್ನಾನ ಮಾಡಿಸಿ ಹೂತ ನಾಗರಿಕತೆ ನಮ್ಮದೊಂದೇ ಇರಬೇಕು.

ಆ ಚೀಲಕ್ಕೆ ನಿಜವಾದ ಕಸ ಕೊಡುತ್ತಿದ್ದವರೆಂದರೆ ಭಾವ. ಬೋಲಿಂಗ್‌ಬ್ರೂಕಿನ ಆಫೀಸಿಗೆ ಹೋಗುವಾಗ ದಿನಕ್ಕೊಂದು ಕಾಫಿಯ ಪೇಪರ್ ಕಪ್ಪು, ಡ್ರೈಕ್ಲೀನಿಂಗಿನಿಂದ ಬಂದ ಶರ್ಟುಗಳ ಪ್ಲಾಸ್ಟಿಕ್ ಮುಸುಕು, ಕಾಲರಿಗೆ ಚುಚ್ಚಿದ ಗುಲಾಬಿ ಚೀಟಿ. ಆ ವಾರದ ಶುಕ್ರವಾರ ಲಿವೋನಿಯಾದ ಹೆಡ್ ಆಫೀಸಿನಿಂದ ಒಂದು ಫೋನ್ ಬಂತು. ಕಾರಿನ ಸೀಟು ಮಾಡುವ ಕಂಪನಿ ಅದು. ಕಾರೇ ಯಾರೂ ಕೊಳ್ಳುತ್ತಿಲ್ಲ, ಸೀಟು ಯಾರಿಗೆ ಬೇಕು? ಹನ್ನೊಂದು ವರ್ಷದ ಕೆಲಸ ಹತ್ತು ನಿಮಿಷದ ಮಾತಿನಲ್ಲಿ ಮುಗಿಯಿತು. ಭಾವ ಒಂದು ರಟ್ಟಿನ ಪೆಟ್ಟಿಗೆ ಹೊತ್ತುಕೊಂಡು ಮಧ್ಯಾಹ್ನವೇ ಮನೆಗೆ ಬಂದರು.

ಅಂದು ಅಕ್ಕ ಮಾಡಿದ ಕಾನೂನು ಒಂದೇ: ಯಾರಿಗೂ ಹೇಳಕೂಡದು. ಮುಖ್ಯವಾಗಿ ನಮ್ಮದೇ ಬಡಾವಣೆಯಲ್ಲಿರುವ ದೇಸಾಯಿ ಅಂಕಲ್‌ಗೆ. ಅಂಕಲ್ ಧಾರವಾಡದವರು, ಒಳ್ಳೆಯವರು, ಆದರೆ ಅವರ ಕಿವಿಗೆ ಬಿದ್ದದ್ದು ಚಿಕಾಗೋದಿಂದ ಡೆಟ್ರಾಯಿಟ್‌ವರೆಗಿನ ಪ್ರತಿ ಕನ್ನಡದ ಮನೆಗೂ ಬಿದ್ದ ಹಾಗೆ. “ಹೊಸ ಕೆಲಸ ಸಿಕ್ಕಮೇಲೆ ಕೆಲಸ ಬದಲಾಯಿಸಿದ್ರು ಅಂತ ಹೇಳಿದ್ರಾಯ್ತು. ಅಲ್ಲೀವರೆಗೂ ಬಾಯಿ ಮುಚ್ಕೊಂಡಿರಿ,” ಎಂದಳು. ಸೋಮವಾರದಿಂದ ಭಾವ ಎಂದಿನಂತೆ ಏಳೂವರೆಗೆ ಟೈ ಕಟ್ಟಿಕೊಂಡು, ಕಾರು ತೆಗೆದು, ಪಕ್ಕದ ಊರಿನ ಲೈಬ್ರರಿಗೆ ಹೋಗಿ ಕೂರತೊಡಗಿದರು. ಮನೆಯಲ್ಲಿ ಅವರು ಮಾತು ಕಡಿಮೆ ಮಾಡಿದರು. ಗುಹೆಯಲ್ಲಿದ್ದವರ ಬಗ್ಗೆ ನನಗೆ ಅಸೂಯೆ ಹುಟ್ಟಿದ್ದು ಆಗಲೇ. ಬೇಟೆ ಸಿಗದವನು ಬರಿಗೈಯಲ್ಲಿ ಬರುತ್ತಿದ್ದ, ಎಲ್ಲರೂ ನೋಡುತ್ತಿದ್ದರು, ಗೆಡ್ಡೆ ಬೇಯಿಸಿಕೊಂಡು ತಿಂದು ಮಲಗುತ್ತಿದ್ದರು. ಜಿಂಕೆ ಹೊಡೆದವನ ಹಾಗೆ ಮುಖ ಮಾಡಿಕೊಂಡು ದಿನವಿಡೀ ಪೊದೆಯ ಹಿಂದೆ ಕೂರಬೇಕಾಗಿರಲಿಲ್ಲ.

ಎರಡನೆಯ ಚೀಲ ಖಾಲಿ ಹೊಡೆಯತೊಡಗಿತು. ಕಾಫಿ ಕಪ್ಪಿಲ್ಲ, ಶರ್ಟಿನ ಮುಸುಕಿಲ್ಲ. ಬುಧವಾರ ಸಂಜೆ ಭಾವ ಸಂಕೋಚದಿಂದ ಮೂರು ಪೇಪರ್ ಕಪ್ಪು ತಂದು ಟೇಬಲ್ಲಿನ ಮೇಲಿಟ್ಟರು. ಲೈಬ್ರರಿಯ ಕಸದ ಡಬ್ಬದಿಂದ ಆರಿಸಿದ್ದು.

“ಇದನ್ನ ಹಾಕ್ಬಿಡೇ ವಿನೂ, ಯಾರಿಗೂ ಅನುಮಾನ ಬರಲ್ಲ,” ಎಂದಳು ಅಕ್ಕ.

“ಆಗಲ್ಲ. ಇದು ನಮ್ಮನೆ ಕಸ ಅಲ್ಲ,” ಎಂದೆ.

“ಕಸದಲ್ಲೇನೇ ನಮ್ಮನೇದು ನಿಮ್ಮನೇದು?”

“ಸಾಕ್ಷ್ಯ ತಿದ್ದಬಾರದು ಅಕ್ಕ. ಮಗು ಕಲಿಯೋ ವಿದ್ಯೆ ಇದು.”

ಭಾವ ಕಪ್ಪುಗಳನ್ನು ಹಿಡಿದುಕೊಂಡು ನಮ್ಮಿಬ್ಬರ ಮುಖ ನೋಡಿದರು. ಆಮೇಲೆ ಅವನ್ನು ತೊಳೆದು ಶೆಲ್ಫಿನಲ್ಲಿಟ್ಟರು. ಅವರೂ ಅಕ್ಕನ ಮನೆಯವರೇ ತಾನೇ. ನಾನು ಮಾಡಿದ್ದು ಸರಿ ಎಂದು ಇಂದಿಗೂ ವಾದಿಸುತ್ತೇನೆ. ಹೆಸರಿಲ್ಲದ ಪೆಟ್ಟಿಗೆ, ಹನ್ನೊಂದು ವರ್ಷದ ಮಕ್ಕಳು. ಅವರಿಗೆ ಏನು ತಿಳಿಯುತ್ತದೆ ಎಂಬುದು ನನ್ನ ಲೆಕ್ಕವಾಗಿತ್ತು.

ಮೊನ್ನೆ ಗುರುವಾರ ಸಂಜೆ ಆರೂವರೆಗೆ ಶಾಲೆಯ ಊಟದ ಹಾಲಿನಲ್ಲಿ ಪ್ರದರ್ಶನ. ಭಾವ ‘ಆಫೀಸಿನಿಂದ’ ನೇರವಾಗಿ, ಟೈ ಸಮೇತ ಬಂದರು. ಪೆಟ್ಟಿಗೆಗಳನ್ನು ಸಾಲಾಗಿಟ್ಟು ಹಿಂದೆ ಚಾರ್ಟ್ ನಿಲ್ಲಿಸಿದ್ದರು. ಏಳನೆಯದನ್ನು ಅಗೆದ ತಂಡದ ಪರವಾಗಿ ಮಾತಾಡಲು ನಿಂತವಳು ದೇಸಾಯಿ ಅಂಕಲ್ ಮಗಳು ಮೇಘಾ. ಮುಂದಿನ ಸಾಲಿನಲ್ಲಿ ವಿಡಿಯೋ ಕ್ಯಾಮೆರಾ ಹಿಡಿದು ಅಂಕಲ್. ಅಕ್ಕ ನನ್ನ ತೋಳು ಹಿಡಿದುಕೊಂಡಳು. ಅವಳ ಉಗುರಿನ ಗುರುತು ಇನ್ನೂ ಇದೆ.

ಮೇಘಾ ಇಂಗ್ಲಿಷಿನಲ್ಲಿ ಹೇಳಿದ್ದರ ಸಾರ ಇಷ್ಟು. ಈ ಜನ ಅತ್ಯಂತ ಶುದ್ಧರು, ಇವರ ಕಸಕ್ಕೆ ಸೋಪಿನ ವಾಸನೆ ಇದೆ. (ಅಕ್ಕನ ಉಗುರು ಸ್ವಲ್ಪ ಸಡಿಲವಾಯಿತು.) ಇವರನ್ನು ಒಬ್ಬ ರಾಣಿ ಆಳುತ್ತಿದ್ದಳು. ಆಧಾರ, ಈ ರಬ್ಬರಿನ ಕಿರೀಟ. ಹೀಗೆಂದು ಅವಳು ನಮ್ಮ ಕುಕ್ಕರ್ ಗ್ಯಾಸ್ಕೆಟ್ಟನ್ನು ತಲೆಯ ಮೇಲಿಟ್ಟು ತೋರಿಸಿದಳು. ಸಭೆ ಚಪ್ಪಾಳೆ ತಟ್ಟಿತು. ನಾನು ಎದ್ದು ನಿಲ್ಲಬೇಕೆಂದಿದ್ದೆ, ಅಕ್ಕ ಬಿಡಲಿಲ್ಲ.

“ತಳದ ಪದರದಲ್ಲಿ ಒಬ್ಬ ಬೇಟೆಗಾರ ಇದ್ದಾನೆ,” ಎಂದು ಮೇಘಾ ಮುಂದುವರಿದಳು. “ಪ್ರತಿದಿನ ದೂರ ಹೋಗುತ್ತಿದ್ದ. ಈ ಕಪ್ಪುಗಳನ್ನು ನೋಡಿ, ಈ ಉಡುಪಿನ ಚೀಟಿಗಳನ್ನು ನೋಡಿ. ಎರಡನೆಯ ಪದರದಲ್ಲಿ ಅವನ ಗುರುತು ಒಂದೂ ಇಲ್ಲ. ಮೂರನೆಯದರಲ್ಲೂ ಇಲ್ಲ. ಬದಲಿಗೆ ಮೂರನೆಯದರಲ್ಲಿ ಕಣ್ಣೀರು ಒರೆಸಿದ ಟಿಶ್ಯೂಗಳಿವೆ, ಬಹಳ. ಆದ್ದರಿಂದ ಬೇಟೆಗಾರ ಸತ್ತುಹೋದ, ರಾಣಿ ಶೋಕದಲ್ಲಿದ್ದಳು.”

ಟೀಚರ್ ಕತ್ತು ಓರೆ ಮಾಡಿ, ದುಃಖದಿಂದ ತಲೆಯಾಡಿಸಿದರು. ಆ ಟಿಶ್ಯೂ ಅನಘಾಳ ನೆಗಡಿಯದು! ನೆಗಡಿಯನ್ನೂ ವೈಧವ್ಯವನ್ನೂ ಒಂದೇ ಎಂದು ತಿಳಿಯುವ ಇದು ಎಂಥ ಶಾಸ್ತ್ರ? ಪಿರಮಿಡ್ಡು ಕಟ್ಟಿದವರ ಬಗ್ಗೆಯೂ ಹೀಗೇ ಹೇಳಿರಬಹುದಲ್ಲ! ಭಾವ ಗೋಡೆಗೊರಗಿ ನಿಂತಿದ್ದರು. ತಮ್ಮ ಸಾವಿನ ಸುದ್ದಿ ಕೇಳುತ್ತ, ಕೈಯಲ್ಲಿ ಬಿಸ್ಕತ್ತಿನ ತಟ್ಟೆ ಹಿಡಿದುಕೊಂಡು. ಅವರ ಮುಖ ನೋಡಿದೆ. ಅವರು ಅದನ್ನು ಸುಳ್ಳೆಂದು ಭಾವಿಸಿದ ಹಾಗೆ ಕಾಣಲಿಲ್ಲ. ನನ್ನ ಸಿಟ್ಟು ಒಂದು ಕ್ಷಣ ಎಲ್ಲಿ ಹೋಯಿತೋ ತಿಳಿಯಲಿಲ್ಲ.

ಆಗ ತನ್ನ ತಂಡ ಅಗೆದ ನಾಲ್ಕನೆಯ ಪೆಟ್ಟಿಗೆಯ ಹಿಂದಿನಿಂದ ಅನಘಾ ಕಿರುಚಿದಳು.

“ಹೀ ಇಸ್ ನಾಟ್ ಡೆಡ್! ದಟ್ಸ್ ಮೈ ಡ್ಯಾಡ್! ಹೀ ಜಸ್ಟ್ ಗಾಟ್ ಲೇಡ್ ಆಫ್!”

ಬೆರಳು ನೇರ ಭಾವನ ಕಡೆಗಿತ್ತು. ಹಾಲಿನಲ್ಲಿದ್ದ ತಂದೆತಾಯಿಗಳೆಲ್ಲ ಆ ಬೆರಳನ್ನು ಹಿಂಬಾಲಿಸಿ ಟೈ ಕಟ್ಟಿದ ಬೇಟೆಗಾರನನ್ನು ನೋಡಿದರು. ದೇಸಾಯಿ ಅಂಕಲ್ ಕ್ಯಾಮೆರಾ ಕೂಡ ತಿರುಗಿತು. ಅಕ್ಕ ಕಣ್ಣು ಮುಚ್ಚಿಕೊಂಡಳು.

ಅಂಕಲ್ ಕ್ಯಾಮೆರಾ ಆರಿಸಿ, ಕುರ್ಚಿಗಳ ನಡುವೆ ದಾರಿ ಮಾಡಿಕೊಂಡು ಭಾವನ ಹತ್ತಿರ ಹೋದರು. ಭುಜ ಹಿಡಿದು, ಮೇಲಿಂದ ಕೆಳಗೆ ಒಮ್ಮೆ ನೋಡಿದರು.

“ಜೀವಂತ ಅದೀ ಅಲ್ಲೋ ಮಾರಾಯ, ಅಷ್ಟ ಸಾಕು,” ಎಂದರು. “ಮುಂಜಾನೆ ಟೈ ಕಟಗೊಂಡು ಲೈಬ್ರರ್ಯಾಗ ಯಾವ ಹುಚ್ಚ ಕುಂದರ್ತಾನ? ನಾ ಟ್ಯಾಕ್ಸ್ ಫಾರ್ಮ್ ತರಾಕ ಬಂದಾಗ ನಿನ್ನ ನೋಡೀನಿ. ನೀ ಪೇಪರ್ ಅಡ್ಡ ಹಿಡದಿ. ಅದೂ ಉಲ್ಟಾ.”

“ಮತ್ತೆ… ಯಾರಿಗೂ ಹೇಳ್ಲಿಲ್ವಾ ದೇಸಾಯಿಯವ್ರೇ?” ಎಂದರು ಭಾವ.

“ಹೇಳಾಕ ಅದೇನ್ ಮದುವಿ ಸುದ್ದೀನೇನು? ರೆಸ್ಯೂಮೆ ಕೊಡು. ಬೋಲಿಂಗ್‌ಬ್ರೂಕ್ ವೇರ್‌ಹೌಸ್ ಮಂದಿ ನಾಕ್ ಜನ ಗೊತ್ತದಾರ, ಕೇಳೂಣು. ಸಿಕ್ಕರ ಸಿಕ್ತು. ಮೊದಲ ಆ ಟೈ ತಗಿ, ಉಸಿರು ಕಟ್ಟತದ ನೋಡಿದ್ರ.”

ಭಾವ ಟೈ ಸಡಿಲಿಸಿದರು. ಆಮೇಲೆ ನಕ್ಕರು. ಫೆಬ್ರವರಿ ೧೩ರ ನಂತರ ಅವರು ನಕ್ಕದ್ದು ಅದೇ ಮೊದಲು, ನನ್ನ ಡೈರಿಯಲ್ಲಿದೆ. ಅಕ್ಕ ನಗಲಿಲ್ಲ. ನನ್ನ ಕಿವಿಯ ಹತ್ತಿರ ಬಗ್ಗಿ, “ಮೂರು ಕಪ್ ಹಾಕಿದ್ರೆ ನಿನ್ನ ಗಂಟೇನೇ ಹೋಗ್ತಿತ್ತು?” ಎಂದಳು. ಆದರೆ ತೋಳು ಬಿಟ್ಟಿದ್ದಳು.

ಇಲ್ಲಿಗೆ ಎಲ್ಲ ಸುಖಾಂತ್ಯ ಎಂದು ಓದುಗರು ತಿಳಿಯಬಾರದು. ಕೆಲಸ ಇನ್ನೂ ಸಿಕ್ಕಿಲ್ಲ. ಮತ್ತೆ, ನನ್ನ ವಿಷಯ ಬಾಕಿಯಿದೆ. ಗಲಾಟೆಯಲ್ಲಿ ಮೇಘಾ ತನ್ನ ಚಾರ್ಟಿನ ಕೊನೆಯ ಭಾಗ ಓದಲೇ ಇಲ್ಲ. ಎಲ್ಲರೂ ಭಾವನನ್ನು ಸುತ್ತಿಕೊಂಡು ನಿಂತಾಗ ನಾನು ಹತ್ತಿರ ಹೋಗಿ ಓದಿದೆ. ‘ನಾಲ್ಕನೆಯ ನಿವಾಸಿ’ ಎಂದು ತಲೆಬರಹ. ಕೆಳಗೆ: ಮೂರೂ ಪದರಗಳಲ್ಲಿ ಪೆನ್ಸಿಲ್ ಹೆರೆದ ಚೂರುಗಳು ಒಂದೇ ಸಮ ಸಿಕ್ಕಿವೆ. ಬೇಟೆಯ ಉಪಕರಣ ಇಲ್ಲ. ಅಡುಗೆ ಮಾಡಿದ ಗುರುತು ಇಲ್ಲ. ಗುಹೆಯಿಂದ ಹೊರಗೆ ಹೋದ ಗುರುತೂ ಇಲ್ಲ. ತೀರ್ಮಾನ: ಲಿಪಿಕಾರ, ಅಥವಾ ಸಾಕುಪ್ರಾಣಿ. ಪಕ್ಕದಲ್ಲಿ ಟೀಚರ್ ಕೆಂಪು ಶಾಯಿಯಲ್ಲಿ ‘ಒಳ್ಳೆಯ ತರ್ಕ!’ ಎಂದು ಬರೆದು ನಕ್ಷತ್ರ ಹಾಕಿದ್ದರು.

ನಾನು ಮೇಘಾಳನ್ನು ತಡೆದು ನಿಲ್ಲಿಸಿದೆ. ನಾನೂ ದಿನಾ ಕೆಲಸಕ್ಕೆ ಅಪ್ಲೈ ಮಾಡುತ್ತಿದ್ದೇನೆ, ಕಂಪ್ಯೂಟರಿನಲ್ಲಿ ಮಾಡಿದ್ದಕ್ಕೆ ಕಸ ಬೀಳುವುದಿಲ್ಲ, ಕಸವಿಲ್ಲ ಎಂದ ಮಾತ್ರಕ್ಕೆ ಶ್ರಮವಿಲ್ಲ ಎಂದರ್ಥವಲ್ಲ ಎಂದು ಹಂತಹಂತವಾಗಿ ವಿವರಿಸಿದೆ. ಅವಳು ತಾಳ್ಮೆಯಿಂದ ಕೇಳಿದಳು.

“ಬಟ್ ದೇರ್ ಇಸ್ ನೋ ಎವಿಡೆನ್ಸ್, ಆಂಟಿ,” ಎಂದಳು.

ನನಗೆ ಇಪ್ಪತ್ತಮೂರು ವರ್ಷ. ಆಂಟಿ!

ಇಂದು ಬೆಳಿಗ್ಗೆ ಭಾವ ಪೈಜಾಮದಲ್ಲೇ ಅಡುಗೆಮನೆಗೆ ಬಂದು, ಎಲ್ಲರಿಗೂ ಕಾಫಿ ಸೋಸಿ, “ಸಾಕುಪ್ರಾಣಿಗೆ ಸಕ್ಕರೆ ಎಷ್ಟು?” ಎಂದು ಕೂಗಿದರು. ಅನಘಾ ಬಿದ್ದು ಬಿದ್ದು ನಕ್ಕಳು. ನಾನು ಲೋಟ ಎತ್ತಿಕೊಂಡು ಕೆಳಗೆ ಬಂದು, ಪೆನ್ಸಿಲ್ ಹೆರೆದು, ಇದನ್ನು ಬರೆಯಲು ಕೂತೆ. ಬರೆಯುತ್ತ ಕಾಫಿ ತಣ್ಣಗಾಗಿ, ಅಕ್ಕ ಇನ್ನೊಂದು ಲೋಟ ತಂದಿಟ್ಟು, ತಲೆ ಸವರಿ ಹೋಗಿದ್ದಾಳೆ. ಅದಕ್ಕೇ ಕೇಳುತ್ತಿದ್ದೇನೆ: ಪ್ರಾಚೀನ ನಾಗರಿಕತೆಗಳಲ್ಲಿ ಲಿಪಿಕಾರರನ್ನೂ ಸಾಕುಪ್ರಾಣಿಗಳನ್ನೂ ಯಾವ ಆಧಾರದ ಮೇಲೆ ಬೇರೆಬೇರೆ ಎಂದು ಗುರುತಿಸುತ್ತಾರೆ ಎಂದು ಬಲ್ಲವರು ಯಾರಾದರೂ ಇದ್ದರೆ ದಯವಿಟ್ಟು ನನಗೆ ಬರೆದು ತಿಳಿಸಿ. ಅಂಚೆ ಯಾವ ಹೊತ್ತಿಗೆ ಬಂದರೂ ತೊಂದರೆಯಿಲ್ಲ, ನಾನು ಮನೆಯಲ್ಲೇ ಇರುತ್ತೇನೆ.