ಕೆರೆ ಏರಿ ಮೇಲಿನ ಹುಡುಗಿ

ಭಾನುವಾರದ ಊಟ ಮುಗಿಸಿ ಮುನಿರಾಮಪ್ಪ ಮೇಷ್ಟ್ರು ಇನ್ನೇನು ಕಣ್ಣು ಮುಚ್ಚಬೇಕು, ನಡುಮನೆಯಿಂದ ಸೊಸೆ ರಮ್ಯ ಕೂಗಿದಳು. "ಮಾವಾ, ನಮ್ಮ ತಾಯಲೂರಲ್ಲಿ ಶೂಟಿಂಗ್ ಆಗಿತ್ತಲ್ಲ, ಆ ಕಾಮಿಡಿ ಪಿಕ್ಚರ್ ಯೂಟ್ಯೂಬಲ್ಲಿ ಬಂದಿದೆ! ಟೀವೀಲಿ ಹಾಕ್ತೀನಿ, ಬನ್ನಿ."

ಮೇಷ್ಟ್ರ ನಿದ್ದೆ ಹಾರಿಹೋಯಿತು.

ಅವರು ಡ್ರಿಲ್ ಮೇಷ್ಟ್ರಾಗಿ ರಿಟೈರಾದವರು. ಅವರು ಕೆಮ್ಮಿದರೆ ಇವತ್ತಿಗೂ ಮೊಮ್ಮಕ್ಕಳಿರುವ ಗಂಡಸರು ಬೀಡಿಯನ್ನು ಬೆನ್ನ ಹಿಂದೆ ಬಚ್ಚಿಡುತ್ತಿದ್ದರು. ಅಂಥವರು ಹರೆಯದಲ್ಲಿ, ಆ ಪಿಕ್ಚರಿಗಾಗಿ, ಸೀರೆ ಉಟ್ಟು ಕೆರೆ ಏರಿ ಮೇಲೆ ಓಡಿ ನೀರಿಗೆ ಹಾರಿದ್ದರು. ಹಾರಬೇಕಿದ್ದ ಹುಡುಗಿ ನೀರು ನೋಡಿ ಹೆದರಿ ವಾಪಸ್ಸು ಹೋಗಿದ್ದಳು. ಈಜು ಬರುವ ಸಣಕಲು ಮೈ ಅಂತ ಅಲ್ಲಿ ಸಿಕ್ಕಿದ್ದು ಇವರದೊಂದೇ. "ಮುಖ ಕಾಣಲ್ಲ ಸ್ವಾಮಿ" ಅಂತ ಡೈರೆಕ್ಟರು ಆಣೆ ಇಟ್ಟಿದ್ದ. ಪಿಕ್ಚರು ಕೋಲಾರದಲ್ಲಿ ವಾರವೂ ಓಡದೆ ಎತ್ತಂಗಡಿಯಾದಾಗ, ಮೇಷ್ಟ್ರು ಆಂಜನೇಯನಿಗೆ ಕಾಯಿ ಒಡೆಸಿದ್ದರು.

"ಹಳೇ ಪಿಕ್ಚರು ಏನ್ ನೋಡ್ತೀಯಮ್ಮ, ಬರೀ ಗದ್ದಲ," ಎನ್ನುತ್ತಾ ಎದ್ದು ಬಂದರೆ, ಹೆಂಡತಿ ಗಂಗರತ್ನಮ್ಮ ಆಗಲೇ ಬೋಂಡಾ ಕರಿದಿದ್ದರು. ಪಕ್ಕದ ಮನೆಯ ಆವಲಪ್ಪ, ಅವನ ಹೆಂಡತಿ ಆದಿಲಕ್ಷ್ಮಮ್ಮ ಚಾಪೆ ಹಿಡಿದು ಕೂತಿದ್ದರು. ಮೇಷ್ಟ್ರು ಮೆಲ್ಲಗೆ ಹೋಗಿ ಮೇನ್ ಸ್ವಿಚ್ ಆಫ್ ಮಾಡಿದರು. ಆವಲಪ್ಪ ಎದ್ದು ನೋಡಿ, "ಸ್ವಿಚ್ ಬಿದ್ದೈತೆ ಅಷ್ಟೇ ಮೇಷ್ಟ್ರೇ, ನಾನಿದೀನಲ್ಲ," ಅಂತ ಮತ್ತೆ ಎತ್ತಿದ.

ಪಿಕ್ಚರು ಶುರುವಾಯಿತು. ಬಾಳೆಹಣ್ಣಿನ ಸಿಪ್ಪೆ ಮೇಲೆ ಹೀರೋ ಜಾರಿದ, 'ಟೊಂಯ್' ಅಂತ ಸದ್ದು. ಹೀರೋನ ಮಾವ ಜಾರಿದ, ಇನ್ನೊಂದು 'ಟೊಂಯ್'. ಹೀರೋ ಕೆನ್ನೆಗೊಂದು ಮಚ್ಚೆ ಅಂಟಿಸಿಕೊಂಡ ಕೂಡಲೇ ಅವನ ಹೆತ್ತ ತಾಯಿಗೂ ಗುರುತು ಸಿಗಲಿಲ್ಲ.

"ಇದಕ್ಕೆಲ್ಲಾ ನಗ್ತಿದ್ರಾ ಅತ್ತೆ?" ಅಂದಳು ರಮ್ಯ.

"ಮತ್ತೆ? ಈಗ್ಲೂ ನಗು ಬರ್ತದೆ ಕಣೇ!" ಗಂಗರತ್ನಮ್ಮನಿಗೆ ಬೋಂಡಾ ನೆತ್ತಿಗೆ ಹತ್ತಿತು. ಮೇಷ್ಟ್ರೂ ಭಯ ಮರೆತು ಹೊಟ್ಟೆ ಹಿಡಿದುಕೊಂಡು ನಕ್ಕರು. ಎಷ್ಟೋ ದಿನದ ಮೇಲೆ ಮನೆ ತುಂಬಾ ನಗು.

ಅಷ್ಟರಲ್ಲಿ ಕೆರೆ ಏರಿ ಬಂತು. ಹೀರೋ ನಾಯಕಿ ಅಂದುಕೊಂಡು ಯಾವಳೋ ಹುಡುಗಿಯನ್ನು ಅಟ್ಟಿಸಿಕೊಂಡು ಹೋಗುತ್ತಾನೆ. ತಲೆ ತುಂಬಾ ಸೆರಗು ಹೊದ್ದ ಹುಡುಗಿ ಚಂಗನೆ ಓಡಿ ದಬಾರನೆ ನೀರಿಗೆ ಹಾರಿತು. ಡೈರೆಕ್ಟರು ಮಾತು ಉಳಿಸಿಕೊಂಡಿದ್ದ. ಮೂಗಿನ ತುದಿಯೂ ಕಾಣಲಿಲ್ಲ. ಮೇಷ್ಟ್ರು ಉಸಿರು ಬಿಟ್ಟರು.

"ರಮ್ಯಾ, ಹಿಂದಕ್ಕೆ ಹಾಕು!" ಗಂಗರತ್ನಮ್ಮ ಎದ್ದು ನಿಂತಿದ್ದರು. "ಅದು ನನ್ ಸೀರೆ! ಗಿಣಿಹಸಿರಿಗೆ ಕೆಂಪಂಚು, ನಮ್ಮಮ್ಮ ಕೊಡ್ಸಿದ್ದು. ಮದುವೆಯಾದ ವರ್ಷ ಆಷಾಢಕ್ಕೆ ತವರಿಗೆ ಅಂತ ಶ್ರೀನಿವಾಸಪುರಕ್ಕೆ ಹೋಗಿ ಬರೋ ಅಷ್ಟರಲ್ಲಿ ಅಗಸ ಕಳೆದುಬಿಟ್ಟ ಅಂದ್ರಲ್ರೀ! ಯಾರವಳು?"

"ಯಾರೋ... ಶೂಟಿಂಗಿನವರು..."

"ನಾನಿಲ್ಲದಾಗ ಯಾವಳಿಗೋ ನನ್ ಸೀರೆ ಉಡಿಸಿದೀರಾ!"

"ಅಯ್ಯೋ ದೇವುಡಾ!" ಅಂತ ಆದಿಲಕ್ಷ್ಮಮ್ಮ ಬಾಯಿಗೆ ಸೆರಗು ಅಡ್ಡ ಹಿಡಿದರು.

ಸಂಸಾರವೋ ಮರ್ಯಾದೆಯೋ? ಮೇಷ್ಟ್ರು ಮರ್ಯಾದೆ ಬಿಟ್ಟರು. "ಅದು ನಾನೇ ಕಣೇ! ಅಲ್ಲಿ ಓಡಿದ್ದು, ಹಾರಿದ್ದು, ಎಲ್ಲಾ ನಾನೇ!"

ಆವಲಪ್ಪ ತಲೆ ಅಲ್ಲಾಡಿಸಿದ. "ಸುಳ್ಳು ಮೇಷ್ಟ್ರೇ. ಆವತ್ತು ಆಚೆ ದಡದಲ್ಲಿ ಎಮ್ಮೆ ಮೇಯಿಸ್ತಾ ನಾನೇ ನೋಡಿದೀನಿ. ಹೆಣ್ಣೇ ಅದು. ಏನ್ ನಡುವು, ಏನ್ ಓಟ! ಆರು ತಿಂಗಳು ನನಗೆ ಅನ್ನ ಸೇರಲಿಲ್ಲ." ಪಕ್ಕದಿಂದ ಆದಿಲಕ್ಷ್ಮಮ್ಮ ತಿವಿದ ರಭಸಕ್ಕೆ ಅವನ ಕೈಯ ಬೋಂಡಾ ಟೀವಿಗೆ ಬಡಿಯಿತು.

"ನಂಬಲ್ವಾ? ತಾ ಒಂದು ಸೀರೆ!" ಮೇಷ್ಟ್ರಿಗೆ ರೋಷ ಬಂತು.

ಪಂಚೆ ಮೇಲೇ ಸೀರೆ ಸುತ್ತಿ, ತಲೆ ತುಂಬಾ ಸೆರಗು ಹೊದ್ದು, ಅಂಗಳದ ತುದಿಯಿಂದ ಓಡಿದರು. ಮೂರು ಹೆಜ್ಜೆಗೆ ಮಂಡಿ ಕಟಕ್ ಅಂದಿತು. ನಾಲ್ಕನೆಯದಕ್ಕೆ ನೆರಿಗೆ ಕಾಲಿಗೆ ಸಿಕ್ಕಿತು. ಆಮೇಲಿನದು ಓಟವಲ್ಲ, ಉರುಳಾಟ. ಹುಲ್ಲಿನ ಮೆದೆಗೆ ಹೋಗಿ ತಲೆ ಕೊಟ್ಟು ನಿಂತರು. ರಮ್ಯ ನೆಲಕ್ಕೆ ಬಿದ್ದು ನಗುತ್ತಿದ್ದಳು.

ಗಂಗರತ್ನಮ್ಮ ಹತ್ತಿರ ಬಂದು, ಗಂಡನ ತಲೆಯಿಂದ ಹುಲ್ಲು ಆರಿಸುತ್ತಾ ಕನಿಕರದಿಂದ ನೋಡಿದರು.

"ಅವಳು ಜಿಂಕೆ ಥರ ಓಡ್ತಾಳೆ, ನೀವು ಗಬ್ಬದ ಎಮ್ಮೆ ಥರ. ಅವಳ ಹೆಸರು ಮುಚ್ಚಿಡಕ್ಕೆ ಈ ವಯಸ್ಸಲ್ಲಿ ಸೀರೆ ಬೇರೆ ಉಡ್ತೀರಾ? ಅಷ್ಟು ಬೇಕಾದವಳೇನ್ರೀ? ಈಗ್ಲಾದ್ರೂ ಹೇಳಿ, ಯಾರವಳು?"