ಹುಳುವಿನ ಮನೆಯಲ್ಲಿ ಇಳಿದ ವಿಮಾನ

ಸಂಸಾರ ಅಂದ ಮೇಲೆ ಗಂಡಸಿಗೆ ನೂರೆಂಟು ಕಷ್ಟ ಬರುತ್ತವೆ, ಒಪ್ಪುತ್ತೇನೆ. ಆದರೆ ಪ್ರತಿ ಸಂಜೆ ಮೋಡದ ಮೇಲಿಂದ ನೆಲಕ್ಕೆ ಇಳಿಯುವ ಹೊತ್ತಿಗೆ ಸರಿಯಾಗಿ ವಿಮಾನ, ಆಕಾಶ, ಭೂಮಿ ಮೂರೂ ಒಟ್ಟಿಗೆ ಆರಿಹೋಗುವ ಕಷ್ಟ ಈ ಜಿಲ್ಲೆಯಲ್ಲಿ ನನ್ನೊಬ್ಬನಿಗೇ ಬಂದಿತ್ತು.

ಗಾಬರಿಯಾಗಬೇಡಿ, ನಾನು ಪೈಲಟ್ ಅಲ್ಲ. ಮನೆ ಚಾಮರಾಜನಗರ, ಕೆಲಸ ಗುಂಡ್ಲುಪೇಟೆಯ ರೇಷ್ಮೆ ಇಲಾಖೆಯಲ್ಲಿ. ಬೆಳಗ್ಗೆ ಬಸ್ಸು ಹತ್ತಿ ಹೋಗಿ, ಸಂಜೆ ಬಸ್ಸು ಹತ್ತಿ ಬರುವ ಪ್ರಾಣಿ. ಹಳ್ಳಿ ಹಳ್ಳಿ ತಿರುಗಿ ರೈತರಿಗೆ ರೇಷ್ಮೆ ಹುಳು ಸಾಕುವ ಬಗ್ಗೆ ಭಾಷಣ ಮಾಡುವುದು ನನ್ನ ಉದ್ಯೋಗ. (ಒಂದು ಹುಳುವನ್ನಾದರೂ ನಾನು ಸ್ವತಃ ಸಾಕಿದ್ದೇನೆಯೇ ಎಂದು ಬೇಗೂರಿನ ಸಭೆಯಲ್ಲಿ ಒಬ್ಬ ರೈತ ಕೇಳಿದ. ಅಂಥ ವೈಯಕ್ತಿಕ ಪ್ರಶ್ನೆಗಳಿಗೆ ಇಲಾಖೆ ಉತ್ತರಿಸುವುದಿಲ್ಲ.) ವಿಮಾನವನ್ನು ಹತ್ತಿರದಿಂದ ನೋಡಿದವನೂ ಅಲ್ಲ. ಆದರೆ ಹೊಸದಾಗಿ ಕೊಂಡ ಕಂಪ್ಯೂಟರಿಗೆ ಅಂಗಡಿಯವನು ಪ್ರೀತಿಯಿಂದ ಒಂದು ವಿಮಾನದ ಆಟ ತುಂಬಿಸಿಕೊಟ್ಟಿದ್ದ. ಅದು ಶುರುವಾಗುವ ಮೊದಲು ಹೆಸರು ಕೇಳಿತು, ಹೇಳಿದೆ. ಅಂದಿನಿಂದ ನಾನು ಕ್ಯಾಪ್ಟನ್ ಗುರುಮಲ್ಲಯ್ಯ.

ಆ ಸುಖವನ್ನು ಹೇಗೆ ಹೇಳಲಿ! ಹೆಬ್ಬೆರಳಿಗಿಂತ ಸಣ್ಣ ವಿಮಾನ ಮೆಲ್ಲಗೆ ಮೇಲೇಳುತ್ತದೆ. ಊರು ಕೆಳಗೆ ಉಳಿಯುತ್ತದೆ. ಬಸ್ಸು, ಫೈಲು, ಸಾಹೇಬರು, ಅಡುಗೆಮನೆಯ ಕುಕ್ಕರು ಎಲ್ಲವೂ ಕೆಳಗೇ ಉಳಿಯುತ್ತವೆ. ಹತ್ತಿಯಂಥ ಮೋಡದೊಳಗೆ ತೂರಿ ಹೊರಗೆ ಬಂದರೆ ಎದುರಿಗೆ ನೀಲಿ ಬೆಟ್ಟ. ಅದು ಯಾವ ದೇಶದ ಬೆಟ್ಟವೋ, ನನಗೆ ಮಾತ್ರ ನಮ್ಮ ಗೋಪಾಲಸ್ವಾಮಿ ಬೆಟ್ಟವೇ. ಅದರಾಚೆ ಹಸಿರು ಕಾಡು, ಬಂಡೀಪುರ. ಅಲ್ಲಿಂದ ತಿರುಗಿ, ಬಿಸಿಲು ಬಿದ್ದ ಕೆರೆಯ ಮೇಲೆ ತೇಲಿಕೊಂಡು ಬಂದರೆ ದೂರದಲ್ಲಿ ಬೂದು ಬಣ್ಣದ ರನ್‌ವೇ ಕಾಣುತ್ತದೆ. ನನ್ನ ಎದೆ ಡವಗುಟ್ಟುತ್ತದೆ. ಇಳಿಯಬೇಕು. ಇನ್ನೇನು ಇಳಿದೆ...

ಟಪ್. ಪರದೆ ಕಪ್ಪು. ಸಿಪಿಯು ಡಬ್ಬ ಮುಟ್ಟಿದರೆ ಕಾದ ಕಾವಲಿ.

ಇದೇ ಕಥೆ, ಪ್ರತಿದಿನ. ಎಷ್ಟು ಸಲ ಹಾರಿದ್ದೇನೋ ಲೆಕ್ಕವಿಲ್ಲ, ಒಂದು ಸಲವೂ ಇಳಿದಿಲ್ಲ. ಹಾರುವುದೇ ಹಾರುವುದು, ನೆಲ ಮುಟ್ಟುವುದೇ ಇಲ್ಲ ಅಂದರೆ ಮನುಷ್ಯನಿಗೆ ಎಂಥ ಸಂಕಟ ಗೊತ್ತೆ? ಬಸ್ಸಿನಲ್ಲಿ ಕೂತಾಗಲೂ ಕಾಲು ನೆಲದ ಮೇಲಿಲ್ಲ ಅನಿಸುತ್ತಿತ್ತು. ಸಾಯುವ ಮೊದಲು ಒಂದೇ ಒಂದು ಸಲ ಆ ವಿಮಾನವನ್ನು ಇಳಿಸಬೇಕು ಎಂಬುದು ನನ್ನ ಬಾಳಿನ ಹಂಬಲವಾಯಿತು. ಅದನ್ನು ನನ್ನ ಧರ್ಮಪತ್ನಿ ನಯನಾಗೂ ಹೇಳಿದ್ದೆ. "ನಾನು ಇಳಿಸುವ ದಿನ ನೀನು ಪಕ್ಕದಲ್ಲೇ ಕೂತಿರಬೇಕು, ನೋಡು."

"ಮೊದ್ಲು ಮೂಗು ಎತ್ರೀ. ಇಳಿಯೋವಾಗ ಅದರ ಮೂಗು ವಸಿ ಮೇಲಕ್ಕಿರ್ಬೇಕು," ಅಂದಳು ಅವಳು, ಅಡುಗೆಮನೆಯಿಂದ ಬೀನ್ಸ್ ಮುರಿಯುತ್ತ.

"ಅಡುಗೆಮನೆಯಿಂದ ವಿಮಾನ ನಡೆಸಬೇಡ ಕಣೇ. ನಿನಗೇನು ಗೊತ್ತು?"

"ನಂಗೇನ್ ಗೊತ್ತು ಬುಡಿ," ಅಂದು ಅವಳು ಬೀನ್ಸಿನ ನಾರು ತೆಗೆದಳು.

ಡಬ್ಬ ಕಾಯುವ ರೋಗಕ್ಕೆ ನಾನು ಮಾಡದ ಚಿಕಿತ್ಸೆಯಿಲ್ಲ. ನಯನಾ ಅದಕ್ಕೆ ಕ್ರೋಶಾ ಹೆಣೆದು ಗುಲಾಬಿ ಅಂಚಿನ ಅಂಗಿಯೊಂದನ್ನು ಹೊಲಿದಿದ್ದಳು. ಸಂಜೆ ನಾನು ಬಂದಾಗ ಡಬ್ಬ ಆ ಅಂಗಿ ತೊಟ್ಟುಕೊಂಡು ಮದುವಣಗಿತ್ತಿಯ ಹಾಗೆ ಕೂತಿರುತ್ತಿತ್ತು. ಅದನ್ನು ಬಿಚ್ಚಿಟ್ಟು ಆಡಿದೆ. ಆರಿತು. ಪಕ್ಕದ ತಗಡು ಕಳಚಿ, ಟೇಬಲ್ ಫ್ಯಾನು ತಿರುಗಿಸಿ ಇಟ್ಟೆ. ವಿಮಾನಕ್ಕಿಂತ ಫ್ಯಾನೇ ಹೆಚ್ಚು ಸದ್ದು ಮಾಡಿತು, ಮತ್ತೆ ಆರಿತು. ಅಂಗಡಿಗೆ ಫೋನ್ ಮಾಡಿದೆ. "ಧೂಳು ಕೂತಿರ್ತದೆ ಸಾರ್, ಊದಿ" ಅಂದ. ಸೈಕಲ್ ಪಂಪ್ ತಂದು ಊದಿದೆ. ಡಬ್ಬದ ಧೂಳೆಲ್ಲ ಎದ್ದು, ಒಗೆದು ಒಣಗಿಹಾಕಿದ್ದ ನನ್ನ ಬಿಳಿ ಪಂಚೆಯ ಮೇಲೆ ಕೂತಿತು. ನಯನಾ ಪಂಚೆ ನೋಡಿದಳು, ನನ್ನನ್ನು ನೋಡಿದಳು, ಆಮೇಲೆ ನಾನು ಬಹಳ ಹೊತ್ತು ಯಾವ ಕಡೆಯೂ ನೋಡಲಿಲ್ಲ. ಭಾನುವಾರ ಮಾತ್ರ ಡಬ್ಬ ಕೊಂಚ ಹೆಚ್ಚು ತಾಳಿಕೊಳ್ಳುತ್ತಿತ್ತು. ಆದರೆ ಭಾನುವಾರ ಅಂದರೆ ನೆಂಟರು ಬರುವ ದಿನ. ಅವರಿಗೆ ಕಾಫಿ ಕೊಡುವುದು ಬಿಟ್ಟು ಮೋಡದಲ್ಲಿ ತೇಲಿದರೆ ಚೆನ್ನಾಗಿರುವುದಿಲ್ಲ.

ಹೀಗಿರುವಾಗ, ಒಂದು ದಿನ ರೈತರ ಮುಂದೆ ನಿಂತು ಎಂದಿನ ಭಾಷಣ ಒಪ್ಪಿಸುತ್ತಿದ್ದೆ. "ರೇಷ್ಮೆ ಹುಳು ಬಹಳ ಸೂಕ್ಷ್ಮ. ಸೆಖೆ ತಡೆಯದು. ಆದ್ದರಿಂದ ಹುಳುವಿನ ಮನೆ ಸದಾ ತಂಪಾಗಿರಬೇಕು. ಕಿಟಕಿಗೆ ಒದ್ದೆ ಗೋಣಿಚೀಲ ಕಟ್ಟಿ..." ಅನ್ನುವಷ್ಟರಲ್ಲಿ ನನ್ನ ಮಾತು ನನಗೇ ಕೇಳಿಸಿತು! ಕಂಪ್ಯೂಟರೂ ಸೂಕ್ಷ್ಮ. ಅದೂ ಸೆಖೆ ತಡೆಯದು. ಕುದೇರಿನಲ್ಲಿ ನಯನಾಳ ತಾಯಿ, ಅಂದರೆ ನಮ್ಮ ಅತ್ತೆ ಚಿಕ್ಕಮಲ್ಲಮ್ಮನವರ ಹುಳುವಿನ ಮನೆಯಿದೆ. ಬೇಸಿಗೆಯ ನಡುಮಧ್ಯಾಹ್ನದಲ್ಲೂ ಅದರೊಳಗೆ ಚಳಿ ಹತ್ತುತ್ತದೆ. ಆಹಾ, ಇಲಾಖೆಯ ಜ್ಞಾನವೇ! ನಾನು ಭಾಷಣವನ್ನು ಅರ್ಧಕ್ಕೇ ನಿಲ್ಲಿಸಿ ಸುಮ್ಮನೆ ನಗುತ್ತ ನಿಂತೆನಂತೆ. ರೈತರು ಚಪ್ಪಾಳೆ ತಟ್ಟಿ ಎದ್ದುಹೋದರು.

ಮನೆಗೆ ಬಂದು, ಕಂಪ್ಯೂಟರನ್ನು ಅಲ್ಲಿಗೇ ಒಯ್ಯೋಣ ಎಂದು ಹೇಳಿದೆ. ನಯನಾ ಜಗಳ ಆಡುತ್ತಾಳೆ ಎಂದು ಉತ್ತರ ಸಿದ್ಧಮಾಡಿಕೊಂಡಿದ್ದೆ. ಅವಳು, "ಒಳ್ಳೆ ಐಡಿಯಾ ಕಣ್ರೀ. ಭಾನುವಾರನೇ ಹೋಗನ," ಅಂದುಬಿಟ್ಟಳು. ನನ್ನ ಕಣ್ಣು ತೇವವಾಯಿತು. ಗಂಡನ ಹಂಬಲಕ್ಕೆ ಹೀಗೆ ಹೆಗಲು ಕೊಡುವ ಹೆಂಡತಿ ಎಷ್ಟು ಜನಕ್ಕೆ ಸಿಗುತ್ತಾಳೆ?

ಆಟೋದಲ್ಲಿ ಮಾನಿಟರ್ ನನ್ನ ತೊಡೆಯ ಮೇಲೆ, ಗುಲಾಬಿ ಅಂಗಿಯ ಡಬ್ಬ ಅವಳ ತೊಡೆಯ ಮೇಲೆ. ಕುದೇರು ತಲುಪುವಷ್ಟರಲ್ಲಿ ನನ್ನ ಕಾಲು ಜೋಮು ಹಿಡಿದಿತ್ತು.

ಹುಳುವಿನ ಮನೆಗೆ ಕಂಡಕಂಡವರನ್ನು ಬಿಡುವ ಪದ್ಧತಿಯಿಲ್ಲ. ಹೊರಗಿನ ಸೋಂಕು ತಗುಲಿದರೆ ಬೆಳೆಯೇ ಹೋಗುತ್ತದೆ. ಅತ್ತೆ ಬಾಗಿಲಲ್ಲಿ ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತಿದ್ದರು.

"ಏನಪ್ಪಾ ಇದು, ಟೀವಿನಾ?"

"ಕಂಪ್ಯೂಟರ್ ಅತ್ತೆ. ಇದಕ್ಕೂ ತಂಪು ಬೇಕು. ಇಲಾಖೆ ಪ್ರಕಾರ..."

ಇಲಾಖೆ ಎಂಬ ಮಾತಿಗೆ ಅತ್ತೆ ಕರಗಿದರು. "ಇಲಾಖೆಯೋರು ಏಳುದ್ ಮ್ಯಾಕೆ ಸರಿ ಕಣಪ್ಪ. ಕಾಲ್ ತೊಳ್ಕೊಂಡು ಸುಣ್ಣ ತುಳ್ದು ಬನ್ನಿ. ಅದುಕ್ಕೂ ತೊಳೀರಿ."

"ಅದಕ್ಕೆ ಕಾಲಿಲ್ಲ ಅತ್ತೆ!"

"ಕಾಲಿಲ್ದೆ ಎಂಗ್ ನಿಂತ್ಕತದೆ? ಬುಡ್ದಲ್ಲಿ ಅವಲ್ಲ ನಾಕು ಗುಬುಟು, ಅವೇನು?"

ಕಾಲು ತೊಳೆಯಲು ಬಾಗಿಲ ಬಳಿ ಇಟ್ಟಿದ್ದ ಬ್ಲೀಚಿಂಗ್ ನೀರಿನ ಬಕೆಟ್ಟಿನೊಳಗೆ ನನ್ನ ವಿಮಾನ, ಬೆಟ್ಟ, ಕೆರೆ ಎಲ್ಲ ಒಟ್ಟಿಗೆ ಮುಳುಗುವುದರಲ್ಲಿದ್ದವು. ನಾನು ಅಡ್ಡ ನಿಂತೆ. ಕೊನೆಗೆ ನಯನಾ ನಡುವೆ ಬಂದು, ಒದ್ದೆ ಬಟ್ಟೆಯಲ್ಲಿ ಆ ನಾಲ್ಕು ಗುಬುಟುಗಳನ್ನು ಮಾತ್ರ ಒರೆಸಿ ರಾಜಿ ಮಾಡಿಸಿದಳು. ಅತ್ತೆ ಡಬ್ಬದ ಹಣೆಗೆ ಮೂರು ಗೆರೆ ವಿಭೂತಿ ಎಳೆದು ಒಳಕ್ಕೆ ಬಿಟ್ಟುಕೊಂಡರು.

ಒಳಗೆ ಇನ್ನೊಂದು ಲೋಕ. ಹೊರಗಿನ ಉರಿಬಿಸಿಲು ಒದ್ದೆ ಗೋಣಿಯ ಎಳೆಗಳಲ್ಲಿ ಸೋಸಿ ಮಂದ ಬೆಳಕಾಗಿ ಬರುತ್ತಿತ್ತು. ಒಂದರ ಮೇಲೊಂದು ಬಿದಿರಿನ ತಟ್ಟೆಗಳು, ತಟ್ಟೆ ತುಂಬ ಹಿಪ್ಪುನೇರಳೆ ಸೊಪ್ಪು, ಸೊಪ್ಪಿನ ತುಂಬ ಬೆಳ್ಳನೆಯ ಹುಳುಗಳು. ಸಾವಿರಾರು ಹುಳುಗಳು ಒಟ್ಟಿಗೆ ಸೊಪ್ಪು ಮೇಯುವ ಸದ್ದನ್ನು ನೀವು ಕೇಳಿದ್ದೀರೋ ಇಲ್ಲವೋ. ಸಣ್ಣ ಮಳೆ ಹೆಂಚಿನ ಮೇಲೆ ಬಿಡದೆ ಬಿದ್ದ ಹಾಗೆ. ಎಷ್ಟೋ ವರ್ಷದಿಂದ ಆ ಹುಳುವಿನ ಬಗ್ಗೆ ಮಾತಾಡಿದ್ದೆ. ಹೀಗೆ ಸುಮ್ಮನೆ ನಿಂತು ಕೇಳಿದ್ದು ಅದೇ ಮೊದಲು.

ಮೂಲೆಯಲ್ಲಿ ಹಲಗೆ ಹಾಕಿ ಕಂಪ್ಯೂಟರ್ ಹೂಡಿ, ಊಟ ಮುಗಿಸಿಕೊಂಡು ಬಂದೆ. ಕರೆಂಟೂ ಇತ್ತು. ಅತ್ತೆ ಸೊಪ್ಪಿನ ಮಂಕರಿಯನ್ನು ಬೋರಲು ಹಾಕಿಕೊಂಡು ಪಕ್ಕದಲ್ಲಿ ಕೂತರು. ನಯನಾ ಹಿಂದೆ ನಿಂತಳು. ವಿಮಾನ ಎದ್ದಿತು.

"ಅಯ್ಯೋ ಶಿವ್ನೇ, ಎದ್ಬುಡ್ತಲ್ಲ!" ಅಂದ ಅತ್ತೆ ಹಲಗೆಯನ್ನು ಭದ್ರವಾಗಿ ಹಿಡಿದುಕೊಂಡರು.

ಮೋಡ ಬಂತು, ಹೋಯಿತು. ನಾನು ಡಬ್ಬದ ಮೇಲೆ ಕೈಯಿಟ್ಟು ನೋಡಿದೆ. ತಣ್ಣಗಿತ್ತು! ಬೆಟ್ಟ ಬಂತು. ಇನ್ನೂ ತಣ್ಣಗಿತ್ತು. ಕಿಟಕಿಯ ಗೋಣಿಯಿಂದ ಮಣ್ಣಿನ ವಾಸನೆಯ ತಂಪುಗಾಳಿ ಬಂದು ಮುಖ ಸವರಿತು. ಪರದೆಯ ಮೇಲೆ ಬಿಳಿ ಮೋಡ, ಬೆನ್ನ ಹಿಂದೆ ಹುಳುಗಳ ಮಳೆ. ಯಾವುದು ಹೊರಗಿನ ಆಕಾಶ, ಯಾವುದು ಪರದೆಯದು, ನಾನು ಕುದೇರಿನಲ್ಲಿದ್ದೇನೋ ಮೋಡದಲ್ಲಿದ್ದೇನೋ ತಿಳಿಯದ ಹಾಗಾಯಿತು. ಮಧ್ಯಾಹ್ನ ಅತ್ತೆ ಬಡಿಸಿದ್ದ ಮುದ್ದೆ ಹೊಟ್ಟೆಯಲ್ಲಿ ನಿಧಾನವಾಗಿ ತೂಗುತ್ತಿತ್ತು. ಕೆರೆ ಹೊಳೆಯಿತು. ದೂರದಲ್ಲಿ ರನ್‌ವೇ. ಇಳಿಯುತ್ತಿದ್ದೇನೆ, ನಿಜವಾಗಿಯೂ ಇಳಿಯುತ್ತಿದ್ದೇನೆ. ಮೂಗು ಕೊಂಚ ಮೇಲಕ್ಕೆ, ಚಕ್ರ ಕೆಳಕ್ಕೆ, ನೆಲ ಮೆಲ್ಲಗೆ ಎದ್ದು ಬಂದು ಪಾದ ಮುಟ್ಟಿತು. ವಿಮಾನ ಓಡಿ, ಓಡಿ, ನಿಂತಿತು. ಇಳಿಸಿಬಿಟ್ಟೆ! ಸಂತೋಷಕ್ಕೆ ಎದೆ ತುಂಬಿ ಬಂತು.

ಆಗ ಬಳೆ ಸದ್ದಾಯಿತು.

ನಾನು ಬಳೆ ತೊಡುವುದಿಲ್ಲವಲ್ಲ ಎಂದು ಯೋಚಿಸುತ್ತ ಕಣ್ಣು ಬಿಟ್ಟೆ. ಗೋಡೆಗೆ ಒರಗಿ, ಬಾಯಿ ತೆರೆದು ನಿದ್ದೆ ಹೋಗಿದ್ದೆ. ಕೀಲಿಗಳ ಮೇಲಿದ್ದದ್ದು ನಯನಾಳ ಕೈ. ಪರದೆಯಲ್ಲಿ ವಿಮಾನ ರನ್‌ವೇಯ ಕೊನೆಯಲ್ಲಿ ಸಾಧುವಾಗಿ ನಿಂತಿತ್ತು. ಅತ್ತೆ ಹಲಗೆ ಬಿಟ್ಟು ಎರಡೂ ಕೈ ಜೋಡಿಸಿದ್ದರು.

"ಯಾರು... ಯಾರು ಇಳಿಸಿದ್ದು?" ಅಂದೆ.

"ಇನ್ಯಾರು? ನೀವು ಗೊರ್ಕೆ ಹೊಡೀತಿದ್ರಿ. ಬೆಟ್ಟಕ್ಕೆ ಗುದ್ದೋದ್ರಲ್ಲಿತ್ತು. ವಿಮಾನದೊಳಗೆ ಅವ್ವ ಬೇರೆ ಕೂತಿತ್ತು," ಅಂದಳು ನಯನಾ.

"ನಿನಗೆ ಇಳಿಸೋಕೆ ಹೇಗೆ ಬಂತು?"

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು. "ದಿನಾ ಇಳಿಸ್ತೀನಲ್ಲ."

"ದಿನಾ ಅಂದರೆ?"

"ನೀವು ಗುಂಡ್ಲುಪೇಟೆ ಬಸ್ ಹತ್ತುದ್ ಮೇಲೆ ಕೂತ್ಕೊತೀನಿ. ನೀವು ಬಂದು ಗೇಟು ತೆಗಿಯೋ ಸದ್ದಾದಾಗ ಎದ್ದೇಳ್ತೀನಿ."

"ಹಾಗಾದರೆ ಡಬ್ಬ ಕಾಯುತ್ತಿದ್ದದ್ದು..."

"ಕಾಯ್ದೆ ಇನ್ನೇನ್ರೀ? ಬೆಳಗಿಂದ ಹಾರಿರ್ತದೆ, ಪಾಪ. ಆರಿಸಿ, ಬಿಸಿ ಬಿಸಿಯಾಗೇ ಅಂಗಿ ತೊಡಿಸ್ಬುಡ್ತಿದ್ದೆ. ನಿಮ್ಗೆ ಗೊತ್ತಾಗ್ಬಾರ್ದಲ್ಲ."

ನಾನು ಊದಿದ ಪಂಪು, ತಿರುಗಿಸಿದ ಫ್ಯಾನು, ಹೊತ್ತು ತಂದ ಮಾನಿಟರು ಎಲ್ಲ ಕಣ್ಣ ಮುಂದೆ ಸಾಲಾಗಿ ಹಾದುಹೋದವು. ನಾನು ದಿನವೂ ಹತ್ತುತ್ತಿದ್ದದ್ದು ಅವಳು ಹಾರಿಸಿ ಸುಸ್ತು ಮಾಡಿದ ವಿಮಾನವನ್ನು!

"ಮೊದಲೇ ಹೇಳಬಾರದಿತ್ತೇನೇ?" ಅಂದೆ. ಸಿಟ್ಟು ಬರಬೇಕಿತ್ತು, ಬಂದದ್ದು ಅಳು.

"ನೀವು ಇಳಿಸೋ ದಿನ ಪಕ್ಕದಲ್ಲಿ ಕೂತಿರು ಅಂದಿದ್ರಿ. ಅಷ್ಟು ಆಸೆಯಿಂದ ಅಂದಿದ್ರಿ. ನೀವು ಒಂದ್ಸಲ ಇಳಿಸ್ಲಿ, ಆಮೇಲೆ ಹೇಳನ ಅಂತ ಕಾಯ್ತಿದ್ದೆ," ಅಂದಳು.

ಅಷ್ಟರಲ್ಲಿ ಮಳೆಯ ಸದ್ದು ನಿಂತಿತ್ತು. ತಟ್ಟೆಗಳಲ್ಲಿ ಬರೀ ಕಡ್ಡಿ ಉಳಿದು, ಹುಳುಗಳು ತಲೆಯೆತ್ತಿ ಹುಡುಕುತ್ತಿದ್ದವು. ಅತ್ತೆ ಏಳುತ್ತಾರೆ ಅಂದುಕೊಂಡೆ. ಅವರು ಮಂಕರಿಯ ಮೇಲೆ ಇನ್ನೂ ಸರಿಯಾಗಿ ಕೂತರು.

"ಅಮ್ಮಿ, ಇನ್ನೊಂದ್ ಸುತ್ತು ಓಗ್ಬರನ ಕಣಮ್ಮಿ. ಆ ಕೆರೆ ಸರ್ಯಾಗಿ ನೋಡ್ನಿಲ್ಲ ನಾನು. ಅಳಿಯಂದ್ರೇ, ಅಲ್ಲಿ ಸೊಪ್ಪದೆ, ಹುಳಕ್ಕೆ ವಸಿ ಆಕ್ಬುಡಿ. ಇಲಾಖೆಯೋರ್ಗೆ ನಾನೇನ್ ಏಳ್ಕೊಡನ!"

ನಾನು ಎದ್ದು ಸೊಪ್ಪು ತಬ್ಬಿಕೊಂಡೆ. ಎಲ್ಲಿಂದ ಶುರುಮಾಡಬೇಕೋ ತಿಳಿಯದೆ ಎಲ್ಲಕ್ಕಿಂತ ಕೆಳಗಿನ ತಟ್ಟೆಯ ಮುಂದೆ ಕುಕ್ಕರಗಾಲಲ್ಲಿ ಕೂತೆ. ಒಂದೊಂದೇ ಎಲೆ ಹರವಿದೆ. ಒಂದು ಹುಳು ಬಂದು ನನ್ನ ಬೆರಳನ್ನು ಮುಟ್ಟಿ ನೋಡಿ, ಎಲೆಯಲ್ಲವೆಂದು ತಿಳಿದು ಆಚೆ ಹೋಯಿತು.

"ಗುಡ್ಡೆ ಆಕ್ಬ್ಯಾಡಿ, ತೆಳ್ಳುಗ್ ಆಕಿ," ಅಂದರು ಅತ್ತೆ, ಪರದೆಯಿಂದ ಕಣ್ಣು ತೆಗೆಯದೆ. ವಿಮಾನ ಎದ್ದಿತ್ತು. ಅವ್ವ, ಮಗಳು ಇಬ್ಬರೂ ಮೋಡದೊಳಗೆ ಹೋದರು. ನನ್ನ ಕೈಯ ಕೆಳಗೆ ಮೆಲ್ಲಗೆ ಮಳೆ ಶುರುವಾಯಿತು.

ಸ್ವಲ್ಪ ಹೊತ್ತಾದ ಮೇಲೆ ಅತ್ತೆಯ ದನಿ ಬಹಳ ದೂರದಿಂದ ಬಂದ ಹಾಗೆ ಕೇಳಿಸಿತು.

"ಅಮ್ಮಿ, ಅಳಿಯಂದ್ರು ಕೆಳೀಕೆ ಎಲ್ಲಾರ ಕಾಣ್ತಾವ್ರಾ?"

"ಎಲ್ಲಿ ಕಾಣ್ತಾರವ್ವ, ಬಲು ಮೇಲಕ್ಕೆ ಬಂದ್ಬುಟ್ಟಿದ್ದೀವಿ," ಅಂದಳು ನನ್ನ ಹೆಂಡತಿ.

ನಾನು ಕೂತಲ್ಲಿಂದಲೇ ಸೊಪ್ಪು ಹಿಡಿದ ಕೈಯನ್ನು ಮೇಲೆತ್ತಿ ಬೀಸಿದೆ.